ವಾಸಿಯಾಗದ ಮಂಡಿಗಳ ವರದಿ

ನನ್ನ ಬರಹವನ್ನು ನಂಬಿ ಮಾತ್ರೆ ನುಂಗಲು ಹೊರಟವರು ಈ ಲೋಕದಲ್ಲಿ ಒಬ್ಬರೇ, ನಮ್ಮ ಸೋದರತ್ತೆ ಪುಟ್ಟಮ್ಮ. ಹೆಮ್ಮೆಯಿಂದ ಹೇಳುತ್ತಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ನೊಣವಿನಕೆರೆಯಲ್ಲಿ ವಿಜ್ಞಾನದ ಮೇಷ್ಟ್ರು. ತಿಪಟೂರಿನ ಡಾಕ್ಟರೊಬ್ಬರು ಮಂಡಿನೋವಿನ ಹೊಸ ಮಾತ್ರೆಯನ್ನು ಸುತ್ತಲಿನ ಹಳ್ಳಿಯವರಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಫಲಿತಾಂಶವನ್ನು ಆರೋಗ್ಯ ಮಾಸಪತ್ರಿಕೆಯೊಂದಕ್ಕೆ ಚೆಂದದ ಕನ್ನಡದಲ್ಲಿ ಬರೆದುಕೊಡಿ ಎಂದರು. ಕನ್ನಡ ಚೆಂದ ಎಂದರೆ ಸಾಕು, ನಾನು ಉಬ್ಬಿಹೋಗುವವನು. ಯಾರಿಗೆ ವಾಸಿಯಾಯಿತೆಂದು ತಿಳಿಯುವುದು ನಮ್ಮ ಸೀಮೆಯಲ್ಲಿ ಸುಲಭ: ಗುಣವಾದವರು ಡಾಕ್ಟರ ಮನೆಗೆ ಎಳನೀರಿನ ಗೊನೆ ತಂದು ಇಳಿಸುತ್ತಾರೆ. ಗೊನೆ ತಂದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೆ. ಬರದವರನ್ನು ‘ಮಾಹಿತಿ ಇಲ್ಲ’ ಎಂದು ಕೈಬಿಟ್ಟೆ. ಲೇಖನ ಅಚ್ಚಾಯಿತು. ಸ್ಟಾಫ್ ರೂಮಿನಲ್ಲಿ ಒಂದು ವಾರ ನನ್ನ ನಡಿಗೆಯೇ ಬೇರೆ.

ಅತ್ತೆ ಲೇಖನ ಓದಿಸಿಕೊಂಡು ಮಾತ್ರೆ ತರಿಸಿದರು. ಆದರೆ ಜೀವಮಾನವೆಲ್ಲ ಕೊಬ್ಬರಿ ಮಾರಿದ ಹೆಂಗಸು. ಬಾಯಿಗೆ ಹಾಕುವ ಮೊದಲು ಕೇಳಿದರು: “ಬರದೇ ಇದ್ದೋರ ಕತೆ ಏನ್ಲಾ? ಮೂಟೆ ಬಾಯಲ್ಲಿರೋ ಕೊಬ್ರಿ ನೋಡಿ ಯಾವ ಸಾವ್ಕಾರ ರೇಟು ಕಟ್ತಾನೆ? ತಳಕ್ಕೆ ಕೈ ಹಾಕು, ಹೋಗು.”

ಭಾನುವಾರ ಡಾಕ್ಟರ ಹತ್ತಿರವಿದ್ದ ಹೆಸರುಗಳ ಪಟ್ಟಿ ಹಿಡಿದು ಬಸ್ಸು ಹತ್ತಿದೆ. ಹೊನ್ನವಳ್ಳಿಯ ಒಬ್ಬರು ಯಾಕೆ ಬರಲಿಲ್ಲವೆಂದರೆ, ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಒಪ್ಪಿರಲಿಲ್ಲ. ಇನ್ನೊಬ್ಬರು ಹೊಟ್ಟೆಯೊಳಗಿನ ಉರಿ ತಾಳದೆ ಮಾತ್ರೆಯನ್ನು ತಿಪ್ಪೆಗೆ ಎಸೆದಿದ್ದರು. ಗೊನೆ ತಂದಿದ್ದ ಯಜಮಾನರೊಬ್ಬರಂತೂ, “ನೋವು ಹಂಗೇ ಐತೆ ಕಣ್ರೀ. ಡಾಕ್ಟ್ರು ಅಷ್ಟು ಆಸೆಯಿಂದ ಕೇಳ್ತಾರೆ, ಬೇಜಾರಾಗ್ಬಾರ್ದು ಅಂತ ತಂದೆ” ಎಂದರು. ನಕ್ಕುಬಿಟ್ಟೆ.

ದಬ್ಬೇಘಟ್ಟದಲ್ಲಿ ಮಾತ್ರ ನಗು ಬರಲಿಲ್ಲ. ಗೌರಮ್ಮ ಎಂಬಾಕೆ ಮೆಲ್ಲಗೆ ಹೇಳಿದರು: “ಎಲ್ರಿಗೂ ವಾಸಿ ಆಯ್ತಂತೆ, ಪತ್ರಿಕೇಲಿ ಬಂದೈತಂತೆ. ನಾನೇ ಏನೋ ಪಥ್ಯ ತಪ್ಪಿರ್ಬೇಕು ಬುಡಿ.” ಬರೆದವನು ನಾನೇ ಎನ್ನಲು ಬಾಯಿ ಬರಲಿಲ್ಲ. ತುಂಬ ನಾಚಿಕೆಯಾಯಿತು.

ವಾಪಸು ಬರುವಾಗ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆನಪಾಯಿತು. ಪತ್ರಿಕೆಯಲ್ಲಿ ಪಾಸಾದವರ ನಂಬರು ಮಾತ್ರ ಇರುತ್ತದೆ. ಫೇಲಾದವರು ತಮ್ಮ ನಂಬರು ಇರಬೇಕಾಗಿದ್ದ ಜಾಗವನ್ನು ದಿಟ್ಟಿಸಿ ತಿಳಿದುಕೊಳ್ಳಬೇಕು. ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತೇವೆ, ಮುರಿದುಬಿದ್ದ ಸಂಬಂಧಕ್ಕೆ ಯಾರು ಹಾಕಿಸುತ್ತಾರೆ? ಗೆದ್ದದ್ದನ್ನು ಸಾರುವುದು ಮನುಷ್ಯಸ್ವಭಾವ. ಔಷಧಿಯ ವಿಷಯದಲ್ಲಿ ಮಾತ್ರ ಈ ಸ್ವಭಾವ ಬೇರೆಯವರ ಹೊಟ್ಟೆಯನ್ನು ಸುಡುತ್ತದೆ.

ಎಲ್ಲರನ್ನೂ ಸೇರಿಸಿ ಇನ್ನೊಂದು ವರದಿ ಬರೆದೆ. ಡಾಕ್ಟರು ಪೆಚ್ಚಾದರು, ಆದರೂ ಸಹಿ ಹಾಕಿದರು. ದೊಡ್ಡ ಮನುಷ್ಯ. ಸಂಪಾದಕರು ಮಾತ್ರ ‘ಓದುಗರಿಗೆ ಉತ್ಸಾಹ ತರುವಂತಿಲ್ಲ’ ಎಂದು ಹಿಂದಿರುಗಿಸಿದರು.

ಅತ್ತೆ ಆ ವರದಿಯನ್ನೂ ಗೌರಮ್ಮನ ಮಾತನ್ನೂ ಪೂರ್ತಿ ಕೇಳಿ, ಮಾತ್ರೆ ಪೊಟ್ಟಣವನ್ನು ನನ್ನ ಕೈಗಿತ್ತು, “ನಂಗೆ ಓದಿದ್ದು ಸಾಕು. ಆ ದಬ್ಬೇಘಟ್ಟದೋಳಿಗೆ ಓದು” ಎಂದರು.

ಹೋಗಿ ಓದಿದೆ. ಅಚ್ಚಾಗದ ನನ್ನ ಲೇಖನವನ್ನು ಗೌರಮ್ಮ ಕೇಳಿದಷ್ಟು ಶ್ರದ್ಧೆಯಿಂದ ಅಚ್ಚಾದುದನ್ನು ಯಾರೂ ಓದಿರಲಾರರು. ಮುಗಿದ ಮೇಲೆ ಕೇಳಿದರು: “ಹಂಗಾರೆ ತಪ್ಪು ನಂದಲ್ಲ ಅಂತೀರಾ?”

“ಅಲ್ಲಮ್ಮ, ನಂದು” ಎಂದೆ.

ನೋವು ಹಾಗೆಯೇ ಇದ್ದ ಆಕೆ ಬಾಯ್ತುಂಬ ನಕ್ಕು, ನನಗೆ ಕಾಫಿ ಕಾಯಿಸಲು ಗೋಡೆ ಹಿಡಿದು ಎದ್ದರು.