ಅಮಾವಾಸ್ಯೆಯ ಕೆಂಪು ಚುಕ್ಕೆಗಳು

ಬೆಳಗಿನ ಕಾಫಿಯ ಜೊತೆಗೆ ಕೆಲವರು ಪತ್ರಿಕೆ ನೋಡುತ್ತಾರೆ, ಕೆಲವರು ಪಂಚಾಂಗ ನೋಡುತ್ತಾರೆ. ನಾನು ಚುಕ್ಕೆ ನೋಡುತ್ತೇನೆ. ಹಿಂದೂಪುರದ ನನ್ನ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೇಲೆ ಮೂರು ಹಸಿರು ಚುಕ್ಕೆಗಳು ಪ್ರತ್ಯಕ್ಷವಾಗುತ್ತವೆ. ಕಲ್ಯಾಣದುರ್ಗದಲ್ಲಿ ನಮ್ಮ ಮಾಲೀಕರ ಸೀರೆ ಮಗ್ಗಗಳ ಶೆಡ್ಡಿದೆ. ಅಲ್ಲಿನ ಗೋಡೆಗೆ ಅಂಟಿಕೊಂಡ, ನಾನು ನೋಡಿಕೊಳ್ಳುವ ಮೂರು ವೈಫೈ ಪೆಟ್ಟಿಗೆಗಳ ಕುಶಲವಾರ್ತೆ ಅದು. ಹಸಿರೆಂದರೆ ಕ್ಷೇಮ, ಕೆಂಪೆಂದರೆ ಸಂಕಟ. ದಿನವೂ ತಪ್ಪದೆ ನನಗೆ ಕುಶಲ ತಿಳಿಸುವವರು ಬೇರಾರೂ ಇಲ್ಲವಾದ್ದರಿಂದ ಅವುಗಳ ಮೇಲೆ ನನಗೆ ವಿಶೇಷ ಮಮತೆ.

ಇಂಥ ಪೆಟ್ಟಿಗೆಗಳನ್ನು ಆಳಲು ಕಂಟ್ರೋಲರ್ ಎಂಬ ಒಬ್ಬ ಯಜಮಾನ ಬೇಕು. ಮೊನ್ನೆಮೊನ್ನೆಯವರೆಗೆ ಆತ ಅಂಗೈಯಗಲದ ಡಬ್ಬಿಯ ರೂಪದಲ್ಲಿ ಶೆಡ್ಡಿನ ಬೀರುವಿನಲ್ಲಿ, ನೂಲಿನ ಉಂಡೆಗಳ ಪಕ್ಕದಲ್ಲಿ, ವಿರಾಜಮಾನನಾಗಿದ್ದ. ಅವನು ಮುನಿಸಿಕೊಂಡಾಗಲೆಲ್ಲ ನಾನು ಸೋಮಂದೇಪಲ್ಲಿ ದಾಟಿ, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಧೂಳು ಮೆತ್ತಿಕೊಂಡು ಅಲ್ಲಿಗೆ ತಲುಪಬೇಕಿತ್ತು. ಹೋಗಿ ಮಾಡುವ ಘನಕಾರ್ಯವೆಂದರೆ ಡಬ್ಬಿಯನ್ನು ಆರಿಸಿ ಮತ್ತೆ ಹೊತ್ತಿಸುವುದು. ಅಷ್ಟರಲ್ಲಿ ಶೆಡ್ಡಿಗೆ ಹೊಂದಿಕೊಂಡ ಮನೆಯಲ್ಲೇ ಇದ್ದು ಎಲ್ಲವನ್ನೂ ನೋಡಿಕೊಳ್ಳುವ ರಂಗಕ್ಕ ಊಟಕ್ಕೆ ತಟ್ಟೆ ಇಟ್ಟಿರುತ್ತಿದ್ದಳು. ಐವತ್ತು ದಾಟಿದ ಬ್ರಹ್ಮಚಾರಿಯಾದ ನನ್ನ ಮುಂದೆ ಕೇಳದೆಯೇ ತಟ್ಟೆ ಇಡುವ ಮನೆ ಅದೊಂದೇ.

ಮಾಲೀಕರಿಗೆ ಈ ಓಡಾಟ ದಂಡವೆನಿಸಿ, ಯಜಮಾನನನ್ನು ಕ್ಲೌಡಿಗೆ, ಅಂದರೆ ಮೋಡಕ್ಕೆ, ಏರಿಸಿಬಿಡಿ ಎಂದರು. ವಿದ್ಯೆ ಗೊತ್ತಿದೆಯೆಂಬ ಹಮ್ಮಿನಲ್ಲಿ ನಾನೂ ಹೂಂಗುಟ್ಟಿದೆ. ಎಲ್ಲೋ ಕಾಣದ ಊರಿನ ಕಂಪ್ಯೂಟರಿನಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು, ಅದರಲ್ಲಿ ಕಂಟ್ರೋಲರನ್ನು ಪ್ರತಿಷ್ಠಾಪಿಸಿ, ಬೇಕಾದ ಬಾಗಿಲುಗಳನ್ನಷ್ಟೇ ತೆರೆದು, ಮಿಕ್ಕವಕ್ಕೆ ಅಗುಳಿ ಹಾಕಿ, ಪೆಟ್ಟಿಗೆಗಳಿಗೆಲ್ಲ ಹೊಸ ವಿಳಾಸ ತಿಳಿಸಿದೆ. ಆಗ ಪರದೆಯು, ಇವುಗಳನ್ನು ದತ್ತು ತೆಗೆದುಕೊಳ್ಳುವಿರಾ ಎಂದು ಇಂಗ್ಲಿಷಿನಲ್ಲಿ ಕೇಳಿತು. ನೆಟ್‌ವರ್ಕಿನವರ ಪರಿಭಾಷೆಯೇ ಹಾಗೆ. ಹೋಮವಿಲ್ಲದೆ, ದಾಯಾದಿಗಳ ತಕರಾರಿಲ್ಲದೆ, ಒಂದೇ ಮಧ್ಯಾಹ್ನದಲ್ಲಿ ನಾನು ಮೂರು ಮಕ್ಕಳ ತಂದೆಯಾದೆ.

ಮೋಡ ಕಂಡರೆ ಹಿಗ್ಗುವ ನಮ್ಮ ಬರದ ಸೀಮೆಯಲ್ಲಿ ಮೋಡವನ್ನು ನೆಚ್ಚಿ ಸಪ್ಪಗಾದವನು ಬಹುಶಃ ನಾನೊಬ್ಬನೇ. ಆಮೇಲೆ ಏನೇ ಕೆಟ್ಟರೂ ಕೂತಲ್ಲೇ ಸರಿಯಾಗುತ್ತಿತ್ತು. ಕಲ್ಯಾಣದುರ್ಗಕ್ಕೆ ಹೋಗಲು ಕಾರಣವೇ ಉಳಿಯಲಿಲ್ಲ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರುವ ಸಲಿಗೆಯನ್ನು ನಾನು ಈ ವಯಸ್ಸಿನವರೆಗೂ ಕಲಿತಿಲ್ಲ. ಹೋಟೆಲಿನಿಂದ ತಂದ ಸಾರನ್ನು ಲ್ಯಾಪ್‌ಟಾಪಿನ ಮುಂದೆ ಕೂತು ಉಣ್ಣುವಾಗ ಹಸಿರು ಚುಕ್ಕೆಗಳ ಮೇಲೆ ಸಿಟ್ಟು ಬರುತ್ತಿತ್ತು. ಓದುಗ ಮಿತ್ರರೇ, ಎಲ್ಲವೂ ಕ್ಷೇಮವಾಗಿರುವುದು ಅಷ್ಟು ಬೇಸರದ ಸಂಗತಿಯೆಂದು ನನಗೆ ಮೊದಲು ತಿಳಿದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೂರೂ ಚುಕ್ಕೆಗಳು ಒಟ್ಟಿಗೆ ಕೆಂಪಾದವು. ಮೋಡದಲ್ಲಿ ಕುಳಿತ ಯಜಮಾನ ಎಷ್ಟು ಕೂಗಿದರೂ ಉತ್ತರವಿಲ್ಲ. ರಂಗಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಎರಡನೆಯ ಸಲ ಮಾಡಬಹುದಿತ್ತು. ಆದರೆ ಆಕೆ ಎತ್ತಿಬಿಟ್ಟರೆ ಎಂಬ ಭಯದಿಂದ ನೇರ ಬಸ್ಸು ಹತ್ತಿದೆ.

ಶೆಡ್ಡು ನಿಶ್ಶಬ್ದವಾಗಿತ್ತು. ಮಗ್ಗಗಳ ಮೇಲೆ ಬಟ್ಟೆ ಹೊದಿಸಿತ್ತು, ಪ್ರತಿಯೊಂದಕ್ಕೂ ಕುಂಕುಮವಿತ್ತು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲಿನ ನನ್ನ ದತ್ತುಪುತ್ರರೂ ಕುಂಕುಮ ಧರಿಸಿ ಕಣ್ಣು ಮುಚ್ಚಿದ್ದರು.

"ಏಮಪ್ಪಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಇವತ್ತು ಅಮಾಸೆ ಕಣಪ್ಪ" ಎಂದಳು ರಂಗಕ್ಕ. "ಅಮಾಸೆ ದಿನ ನಾವು ಮಗ್ಗ ಮುಟ್ಟಲ್ಲ. ಇವೂ ದುಡಿಯೋವೇ ಅಲ್ವಾ? ಮೇನ್ ಆಫ್ ಮಾಡಿ ಕುಂಕುಮ ಇಕ್ಕಿವ್ನಿ. ಮೊದ್ಲಿಂದಾನೂ ಹಂಗೇ."

ಮೊದಲಿನಿಂದಲೂ ಹಾಗೆಯೇ ಇತ್ತು. ಇಲ್ಲಿನ ಬೀರುವಿನಲ್ಲಿದ್ದ ಹಳೆಯ ಯಜಮಾನ ತಾನೂ ಜೊತೆಗೆ ಮಲಗುತ್ತಿದ್ದುದರಿಂದ ನನಗೆ ಚಾಡಿ ಹೇಳುವವರಿರಲಿಲ್ಲ. ನಾನು ಏನೋ ವಿವರಿಸಲು ಹೊರಟೆ. ಆಕೆ ಕೇಳಿಸಿಕೊಳ್ಳಲಿಲ್ಲ. "ಆ ಡಬ್ಬಿ ಹೋಗಿದ್ದೇ ನೀನೂ ಬರಾದು ಬಿಟ್ಬುಟ್ಟೆ. ಡಬ್ಬಿ ನೋಡಕ್ಕೇನಪ್ಪಾ ಬತ್ತಿದ್ದು ನೀನು? ನಡಿ, ಮುದ್ದೆ ಆರೋಯ್ತದೆ" ಎಂದಳು. ಮುದ್ದೆಯ ಜೊತೆಗೆ ಕಡಲೆಬೀಜದ ಚಟ್ನಿಯಿತ್ತು. ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಂಡೆ.

ಕಂಟ್ರೋಲರಿನಲ್ಲಿ ಒಂದು ಸೌಲಭ್ಯವಿದೆ: ಇಂಥ ದಿನ ಪೆಟ್ಟಿಗೆಗಳು ಮಲಗಿದರೆ ಗಾಬರಿಯಾಗಬೇಡ ಎಂದು ಮುಂಚಿತವಾಗಿ ತಿಳಿಸಿಡಬಹುದು. ಮರುದಿನ ಆ ಪುಟ ತೆರೆದು, ಸ್ವಲ್ಪ ಹೊತ್ತು ನೋಡಿ, ಹಾಗೆಯೇ ಮುಚ್ಚಿದೆ.

ಈಗ ನಾನೂ ಬೆಳಗಿನ ಕಾಫಿಯ ಜೊತೆ ಪಂಚಾಂಗ ನೋಡುತ್ತೇನೆ. ತಿಂಗಳಿಗೊಮ್ಮೆ ಆ ಮೂರು ಚುಕ್ಕೆಗಳು ತಪ್ಪದೆ ಕೆಂಪಾಗುತ್ತವಂತೆ. ಅವು ಕೆಂಪಾಗುವ ಹೊತ್ತಿಗೆ ನಾನು ಸೋಮಂದೇಪಲ್ಲಿ ದಾಟಿರುತ್ತೇನೆ.