ಷಡಕ್ಷರಿಯ ಅರ್ಥಿಂಗ್ ಗುಂಡಿ
ಅಜ್ಜಂಪುರದಿಂದ ತರೀಕೆರೆವರೆಗೆ ಕರೆಂಟು ತನ್ನನ್ನು ಕೇಳದೆ ಹರಿಯುವುದಿಲ್ಲವೆಂಬುದು ವೈರ್‌ಮನ್ ಷಡಕ್ಷರಿಯ ಜಂಬ. ಟೆಸ್ಟರು ಅವನಿಗೆ ಕಿವಿ ಕೆರೆಯಲಷ್ಟೇ ಬೇಕು. ಗೋಡೆಗೆ ಕಿವಿಯಿಟ್ಟೇ ಬುಕ್ಕಾಂಬುಧಿಯಲ್ಲಿ ಫ್ಯೂಸು ಹೋದದ್ದನ್ನು ಹೇಳಿಬಿಡುತ್ತಾನೆ. ಯಾರೇನು ಅನುಮಾನಪಟ್ಟರೂ "ನಾನಿದೀನಲ್ಲ, ಬಿಡ್ರೀ" ಎನ್ನುತ್ತಾನೆ. ವಿಮಲಮ್ಮನವರ ಗ್ರಿಲ್ ವರ್ಕ್‌ಶಾಪಿಗೆ ವೈರಿಂಗ್ ಮಾಡಿದಾಗಲೂ, "ತಗಡಿನ ಶೆಡ್ಡು, ಕಬ್ಬಿಣದ ಕಂಬ ನೆಲದಲ್ಲೇ ನಿಂತೈತೆ, ಬೇರೆ ಅರ್ಥಿಂಗ್ ಯಾಕ್ರೀ?" ಎಂದು ಗುಂಡಿ ತೋಡದೆ ಹೋಗಿದ್ದ. ಮೊನ್ನೆ ಶಟರು ಎತ್ತಹೋದ ವಿಮಲಮ್ಮನವರನ್ನು ಶಾಕು ಬೀದಿಗೆಸೆಯಿತು. ಮರುದಿನ ಗುಂಡಿ ತೋಡಲು ಬಂದವನನ್ನು ಅವರು ಬಯ್ಯಲಿಲ್ಲ, ಬಿದ್ದು ಊದಿದ ಕೈಯಲ್ಲೇ ಅವನಿಗೆ ಕಾಫಿ ತಂದುಕೊಟ್ಟರು. ಷಡಕ್ಷರಿ ಲೋಟ ಮುಟ್ಟಲಿಲ್ಲ, ತಲೆಯೆತ್ತಲಿಲ್ಲ. ಗುಂಡಿಗೆ ತುಂಬಬೇಕಾದ ಉಪ್ಪು, ಇದ್ದಿಲು ಪಕ್ಕಕ್ಕಿಟ್ಟುಕೊಂಡು ಅಗೆಯುತ್ತಲೇ ಇದ್ದ. "ಎದೆಮಟ್ಟ ಆಯ್ತಲ್ಲಪ್ಪಾ, ಇನ್ನೆಷ್ಟು ತೋಡ್ತೀಯ?" ಎಂದರು ವಿಮಲಮ್ಮ. ಗುಂಡಿಯೊಳಗಿಂದ ಉತ್ತರ ಬಂತು: "ನಿಮ್ಗೆ ನನ್ ಮುಖ ಕಾಣ್ದಷ್ಟು ಕಣ್ರಮ್ಮಾ."