ಘಮ ನೋಡಲು ಕೊಂಡಾಪುರಕ್ಕೆ

ಗುಲ್ಬರ್ಗದಿಂದ ಬೆಳಗಿನ ರೈಲು ಹಿಡಿದೆ. ಏಪ್ರಿಲ್ ತಿಂಗಳು, ವಾಡಿ ದಾಟುವಷ್ಟರಲ್ಲೇ ಕಿಟಕಿಯ ಸರಳು ಸುಡುತ್ತಿತ್ತು. ಮದುವೆಯಲ್ಲ, ಮುಂಜಿಯಲ್ಲ, ಒಂದು ಹೂವಿನ ವಾಸನೆ ನೋಡಲು ಹೈದರಾಬಾದಿಗೆ ಹೊರಟಿದ್ದೆ. ಎದುರು ಕೂತವರು ಕೇಳಿದರೆ ಏನು ಹೇಳಲಿ ಎಂದು ತಾಂಡೂರಿನವರೆಗೂ ಯೋಚಿಸಿದೆ. ಯಾರೂ ಕೇಳಲಿಲ್ಲ.

ನನ್ನ ಹತ್ತಿರ ಒಂದು ಬಿಳಿ ಲಿಲಿ ಇತ್ತು. ಆ ಜಾತಿಯ ಕೆಂಪು ಹೂವು ಎಷ್ಟೋ ಅಂಗಳಗಳಲ್ಲಿ ಸಿಗುತ್ತದೆ, ಆದರೆ ವಾಸನೆಯಿಲ್ಲ. ನನ್ನದಕ್ಕೆ ಘಮವಿತ್ತು, ಅಂಥದ್ದು ಅಪರೂಪ. ಒಂದು ಮಳೆಗಾಲದಲ್ಲಿ ಬಿಡದೆ ಹಿಡಿದ ಮಳೆಗೆ ಕುಂಡದಲ್ಲಿ ನೀರು ನಿಂತು ಗೆಡ್ಡೆಗಳೆಲ್ಲ ಕೊಳೆತವು. ಅದೃಷ್ಟಕ್ಕೆ, ಅದಕ್ಕೂ ಮೊದಲೇ ಪಕ್ಕದ ಮನೆಯ ಶಾಂತಕ್ಕನಿಗೆ ಒಂದಿಷ್ಟು ಬೀಜ ಕೊಟ್ಟಿದ್ದೆ. ಸುಟ್ಟ ಕಾಗದದ ಚೂರಿನಂಥ ಕಪ್ಪು, ಹಗುರ ಬೀಜ. ಶಾಂತಕ್ಕನ ಯಜಮಾನರಿಗೆ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸವಾಗಿ ಅವರು ಬೀಜದ ಸಮೇತ ಹೈದರಾಬಾದಿಗೆ ಹೋದರು. ಬೀಜದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ಬಿಟ್ಟರೂ ತಾಯಿಗಿಡದ ಗುಣ ಬರುವ ಖಾತ್ರಿಯಿಲ್ಲ. ಮೊನ್ನೆ ಶಾಂತಕ್ಕನ ಫೋನು ಬಂತು.

"ಹೂವು ಅರಳೈತಿ ಗಿರಿಜಾ, ಬೆಳ್ಳಗ ಐತಿ. ವಾಸನಿ ಮಾತ್ರ ನನಗ ತಿಳಿಯಂಗಿಲ್ಲ. ಆ ದೊಡ್ಡ ಜ್ವರ ಬಂದಾಗಿಂದ ಮೂಗು ಸತ್ತೈತಿ. ಇವರನ್ನ ಕೇಳಿದ್ರ ಬರೇ ಸಿಮೆಂಟಿನ ವಾಸನಿ ಅಂತಾರ. ಬಾಡೋದ್ರಾಗ ಲಗೂನ ಬಾ."

ಲಿಂಗಂಪಲ್ಲಿಯಲ್ಲಿ ಇಳಿದು ಶೇರ್ ಆಟೋ ಹತ್ತಿದೆ. ಕೊರಳಲ್ಲಿ ಕಂಪನಿಯ ಗುರುತುಚೀಟಿ ತೂಗಿಸಿಕೊಂಡ ಹುಡುಗಿಯರು ಒತ್ತಿ ಕೂತು ನನಗೂ ಜಾಗ ಮಾಡಿಕೊಟ್ಟರು. ಕೊಂಡಾಪುರದಲ್ಲಿ ಗಾಜಿನ ಆಫೀಸುಗಳು, ಅವುಗಳ ನಡುವೆ ಇನ್ನೂ ಒಡೆಯುತ್ತಿದ್ದ ಬಂಡೆಗಳು. ಶಾಂತಕ್ಕ ಗೇಟಿನಲ್ಲೇ ಕಾಯುತ್ತಿದ್ದರು.

ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಮೊದಲು ಹೂವು ನೋಡುತ್ತೇನೆಂದರೂ ಕೇಳಲಿಲ್ಲ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಬಾಲ್ಕನಿಯ ತುಂಬ ಧೂಳು, ಆದರೆ ಲಿಲಿಯ ಎಲೆಗಳು ಮಾತ್ರ ತೊಳೆದಂತಿದ್ದವು. ಹಸಿಬಟ್ಟೆಯಿಂದ ದಿನಾ ಒರೆಸುತ್ತಾರಂತೆ. ಉದ್ದ ಕಾಂಡದ ತುದಿಯಲ್ಲಿ ಎರಡು ಬಿಳಿ ಹೂವು. ಬಗ್ಗಿ ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ಮೂಸಿದೆ.

"ಇಲ್ಲರಿ ಶಾಂತಕ್ಕ."

"ಇರಲಿ ಬಿಡು, ಬೆಳ್ಳಗರ ಬಂತಲ್ಲ," ಎಂದರು. ನನ್ನ ಮುಖ ನೋಡಿ, "ಇವತ್ತ ಇರು, ನಾಳೆ ಹೋಗೀಯಂತ," ಎಂದು ಚಹಾಕ್ಕಿಟ್ಟರು.

ಸಂಜೆ ಪಕ್ಕದ ಕೆಲಸ ನಿಂತಿತು. ಧೂಳು ಇಳಿಯಿತು, ಬಿಸಿಲೂ ತಗ್ಗಿತು. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ಕೈಯಲ್ಲಿದ್ದ ಸೀರೆ ಹಾಗೇ ಬಿಟ್ಟೆ. ಅದೇ ಘಮ!

"ಶಾಂತಕ್ಕಾ, ಐತ್ರಿ! ಐತಿ!"

ಅವರು ಓಡಿಬಂದು ನನ್ನ ಕೈ ಹಿಡಿದರು. "ಹೆಂಗೈತಿ, ಹೇಳು."

ನಿಂಬೆಯಂತೆ ಎಂದೆ, ಅಲ್ಲ ಎನಿಸಿತು. ಅಷ್ಟರಲ್ಲಿ ಆ ಕಟ್ಟಡದಲ್ಲಿ ಕೆಲಸ ಮಾಡುವ ಆಳಂದದ ಮಲ್ಲಮ್ಮ ಕುಡಿಯುವ ನೀರಿಗೆ ಬಂದಳು.

"ಏನ್ರೀ ಅಕ್ಕಾರ, ಭಾಳ ಘಮ ಬರಾಕತ್ತೈತಿ!"

"ನೀನರ ಹೇಳವ್ವ, ಹೆಂಗೈತಿ?" ಎಂದರು ಶಾಂತಕ್ಕ.

ಮಲ್ಲಮ್ಮ ಕೊಡ ಇಳಿಸಿ ಯೋಚಿಸಿದಳು. "ಗಾಣದಾಗ ಬಿಸಿ ಬೆಲ್ಲ ಆರಾಕ ಹಾಕಿರತಾರಲ್ರಿ, ದೂರ ನಿಂತ್ರ ಗಾಳಿಗೆ ಬರತೈತಲ್ಲ, ಹಂಗ."

ಶಾಂತಕ್ಕ ಕಣ್ಣು ಮುಚ್ಚಿದರು. "ಹಾಂ," ಎಂದರು, "ತಿಳೀತು."

ಮೂವರೂ ಅಲ್ಲೇ ನೆಲದ ಮೇಲೆ ಕೂತೆವು. ಈ ಘಮ ಲೋಕದಲ್ಲಿ ಉಳಿದದ್ದು ಅದನ್ನು ಅರಿಯಲಾರದ ಒಬ್ಬರ ಕೈಯಿಂದ. ಹೇಗೆ ಹೇಳಬೇಕೋ ತಿಳಿಯದೆ ಶಾಂತಕ್ಕನ ಕಾಲು ಮುಟ್ಟಿದೆ. "ಹುಚ್ಚಿ," ಎಂದು ಬೆನ್ನಿಗೊಂದು ಕೊಟ್ಟರು.

ಬೆಳಿಗ್ಗೆ ಅವರು ಒಂದು ಹೂವಿನ ಪರಾಗವನ್ನು ಬೆರಳಿನಿಂದ ತೆಗೆದು ಇನ್ನೊಂದಕ್ಕೆ ಮುಟ್ಟಿಸಿದರು, ಮತ್ತೆ ಬೀಜವಾಗಲೆಂದು. ಅದೇ ಬೀಜಗಳಿಂದ ಬೆಳೆದು ಇನ್ನೂ ಹೂ ಬಿಡದ ಎರಡು ಗೆಡ್ಡೆಗಳನ್ನು ಒಣಮರಳಿನಲ್ಲಿಟ್ಟು ನನಗೆ ಕಟ್ಟಿಕೊಟ್ಟರು. ಅವುಗಳಲ್ಲಿ ಘಮ ಇರುವುದೋ ಇಲ್ಲವೋ, ಅರಳಿದಾಗಲೇ ತಿಳಿಯಬೇಕು.

ಸ್ಟೇಷನ್ನಿಗೂ ಜೊತೆಗೇ ಬಂದರು. ರೈಲು ಹೊರಟಿತು. ಕೈಬೀಸಿ ಮುಗಿಸಿ, ಒಂದಿಷ್ಟು ದೂರ ಸರಿದ ಮೇಲೆ ತಿರುಗಿ ನೋಡಿದೆ. ಶಾಂತಕ್ಕ ಪ್ಲಾಟ್‌ಫಾರ್ಮಿನಲ್ಲಿ ಹಳದಿ ಹತ್ತಿದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದರು.